ಮೀನು ಹಿಡಿಸುವವನ ಇಂಟರ್ವ್ಯೂ

ನನ್ನ ಗಂಡ ಶೇಖರ ಚೆಂಬೂರಿನ ಒಂದು ಉಡುಪಿ ಹೊಟೇಲಿನಲ್ಲಿ ಮೂವತ್ತೊಂದು ವರ್ಷ ಮ್ಯಾನೇಜರ್ ಆಗಿದ್ದರು. ಅಡುಗೆ ಭಟ್ಟರನ್ನೂ ಸಪ್ಲೈಯರ್‌ಗಳನ್ನೂ ಆರಿಸುವುದು ಅವರದೇ ಕೆಲಸ, ಆರಿಸುವ ಕ್ರಮವೂ ಅವರದೇ. ಅನುಭವ ಎಷ್ಟು, ಮೊದಲು ಎಲ್ಲಿದ್ದೆ, ಒಂದನ್ನೂ ಕೇಳುತ್ತಿರಲಿಲ್ಲ. ಬಂದವನನ್ನು ಕೂರಿಸಿ ಒಂದು ಲೋಟ ಚಹಾ ಕೊಡುವುದು, ಕುಡಿದ ಲೋಟವನ್ನು ಅವನು ಎಲ್ಲಿ ಇಡುತ್ತಾನೆಂದು ನೋಡುವುದು, ಅಷ್ಟೇ. ಮೇಜಿನ ಅಂಚಿಗೆ ಇಟ್ಟವನು ಬಂದ ದಾರಿಯಲ್ಲೇ ವಾಪಸ್.

"ಖಾಲಿ ಲೋಟ ಅಂಚಿಗೆ ಇಡುವವ ನಾಳೆ ಕುದಿಯುವ ಸಾಂಬಾರನ್ನೂ ಅಂಚಿಗೇ ಇಡ್ತಾನೆ" ಎನ್ನುತ್ತಿದ್ದರು. ನನಗೆ ಇದು ಶುದ್ಧ ಹುಚ್ಚು ಅನ್ನಿಸುತ್ತಿತ್ತು. ಆದರೆ ಮೂವತ್ತೊಂದು ವರ್ಷ ಆ ಅಡುಗೆಮನೆಯಲ್ಲಿ ಯಾರ ಮೈಯೂ ಸುಡಲಿಲ್ಲ, ಅದನ್ನೂ ಹೇಳಬೇಕು.

ನಿವೃತ್ತರಾಗಿ ಮೂರು ವಾರ ಸುಮ್ಮನಿದ್ದರು. ನಾಲ್ಕನೇ ವಾರ ತಿಂಡಿ ತಿನ್ನುತ್ತಾ, "ಸೇವಂತಿ, ನಾನು ಮೀನು ಹಿಡಿಯಲಿಕ್ಕೆ ಹೋಗ್ತೇನೆ" ಅಂದರು.

ನಾನು ಹೆದರಿದ್ದಕ್ಕೆ ಕಾರಣ ಉಂಟು. ಇವರು ಮಲ್ಪೆಯವರು. ಇವರಿಗೆ ಎಂಟು ವರ್ಷವಾಗಿದ್ದಾಗ ನನ್ನ ಮಾವ ದೋಣಿಯಲ್ಲಿ ಮೀನಿಗೆ ಹೋಗಿ ಸಮುದ್ರದ ಪಾಲಾದರು. ಅದೇ ದೋಣಿಯಲ್ಲಿದ್ದ ಉಳಿದ ಆರು ಜನ ತಿರುಗಿ ಬಂದರು. ಅತ್ತೆ ಮಗನನ್ನು ಬೊಂಬಾಯಿಯ ಹೊಟೇಲಿಗೆ ಅಟ್ಟಿದರು, ನೀರಿನಿಂದ ದೂರ ಇರಲಿ ಎಂದು. ಇವರು ಎಷ್ಟು ದೂರ ಇದ್ದರೆಂದರೆ, ಮದುವೆಯಾದ ಹೊಸತರಲ್ಲಿ ನನ್ನನ್ನು ಜುಹುಗೆ ಕರೆದುಕೊಂಡು ಹೋಗಿ ಕಡಲಿಗೆ ಬೆನ್ನು ಹಾಕಿ ಭೇಲ್ ತಿಂದವರು. ಈಜು ಬಾರದು.

"ಈಗೆಂತಕ್ಕೆ ನಿಮಗೆ ಈ ಉಸಾಬರಿ ಮಾರಾಯ್ರೇ?"

"ಅದು ನಮ್ಮ ಮನೆಯಿಂದ ಒಬ್ಬರನ್ನು ತಕೊಂಡುಂಟು. ನಾನು ಅದ್ರಿಂದ ಒಂದು ಬಂಗುಡೆಯಾದ್ರೂ ತಕೊಳ್ಳಬೇಡ್ವಾ ಮಾರಾಯ್ತಿ?"

ಒಳ್ಳೆಯ ಗೈಡ್ ಇಲ್ಲದೆ ಹೋಗಕೂಡದು, ಜೀವಂತ ತಿರುಗಿ ಬರಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಅದೇ ನಾನು ಮಾಡಿದ ತಪ್ಪು. ಆರಿಸುವ ಕೆಲಸ ಸಿಕ್ಕಿದ್ದೇ ಇವರು ಇಸ್ತ್ರಿ ಮಾಡಿದ ಶರ್ಟು ಹಾಕಿ, ಹಾಲ್‌ನಲ್ಲಿ ಮೇಜು ಸರಿಸಿ, ಭಾನುವಾರ ಇಂಟರ್ವ್ಯೂ ಇಟ್ಟರು.

ಮೊದಲು ಬಂದವನು ಅಂಧೇರಿಯ ಹಿತೇಶ್. ಕರಿ ಕನ್ನಡಕದ ಹುಡುಗ. ಮೊಬೈಲಿನಲ್ಲಿ ನಲವತ್ತು ಫೋಟೋ ತೋರಿಸಿದ. ನಲವತ್ತರಲ್ಲೂ ಅವನ ಶರ್ಟು ಬೇರೆ ಬೇರೆ, ಮೀನು ಮಾತ್ರ ಒಂದೇ. ಲೋಟ ಅಂಚಿಗೆ ಇಟ್ಟ, ಹೋದ. ಎರಡನೆಯವರು ವರ್ಸೋವಾದ ಹಳೆಯ ಮೀನುಗಾರರು. ನಮ್ಮ ಕಿಟಕಿಯಿಂದ ಗಾಳಿ ನೋಡಿ ನಾಳೆಯ ಅಲೆ ಹೇಳಿದರು. ನಾನು ಮನಸ್ಸಿನಲ್ಲೇ ಕೈ ಮುಗಿದೆ. ಅವರೂ ಲೋಟವನ್ನು ಅಂಚಿಗೇ ಇಟ್ಟರು.

"ಅವರು ಹುಟ್ಟಿದ್ದೇ ದೋಣಿಯಲ್ಲಿ! ನಿಮಗೆ ತಲೆ ಸರಿ ಉಂಟಾ?" ಎಂದು ನಾನು ರೇಗಿದೆ.

"ಲೋಟ ನೋಡಿದ್ಯಾ?" ಎಂದರು ಇವರು.

ಅಷ್ಟರಲ್ಲಿ ಶರೀಫ ಬಂದ. ಬಾಗಲಕೋಟೆ ಕಡೆಯವನು, ನಮ್ಮ ಬಿಲ್ಡಿಂಗಿನ ಎಲ್ಲ ಮನೆಗಳ ಗ್ರೈಂಡರ್ ರಿಪೇರಿ ಅವನದೇ. ನಾನೇ ಕರೆದಿದ್ದೆ. ಇವರು ಅವನನ್ನೂ ಕೂರಿಸಿ ಚಹಾ ಕೊಡಿಸಿದರು. ಅವನು ಕುಡಿದು ಲೋಟವನ್ನು ಮೇಜಿನ ನಡುವಿಗೆ ಇಟ್ಟ. ಮೊದಲಿನಿಬ್ಬರ ಲೋಟಗಳನ್ನೂ ಅಂಚಿನಿಂದ ಒಳಗೆ ದೂಡಿದ. ಇವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಸೆಲೆಕ್ಟ್!"

"ಏನ್ ಸೆಲೆಕ್ಟ್ ಅಣ್ಣಾರ? ನಾ ಗ್ರೈಂಡರ್ ನೋಡಾಕ ಬಂದೇನ್ರಿ."

"ನಮಗೆ ಮೀನು ಹಿಡಿಸಲಿಕ್ಕೆ ಗೈಡ್ ಬೇಕು."

"ಮೀನಾ? ತಾಟಿನ್ಯಾಗ ಬಂದ್ರ ತಿನ್ನೂದಷ್ಟ ಗೊತ್ತೈತ್ರಿ. ನನಗ ಈಜಾಕೂ ಬರಂಗಿಲ್ಲ. ನೀರ ಕಂಡ್ರ ಹೆದರಿಕಿ."

"ಹೆದರಿಕೆಯೂ ಉಂಟಾ? ಹಾಗಾದ್ರೆ ನೀನೇ!"

ಮುಂದಿನ ಭಾನುವಾರ ಮೂವರೂ ಹೊರಟೆವು. ಇವರಿಬ್ಬರನ್ನೇ ಬಿಡಲು ನನಗೇನು ಮರುಳೇ? ಹೊಸ ಗಾಳದ ಕೋಲನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿದ್ದೆವು. ಮೆಟ್ರೋದಲ್ಲಿ ಸೆಕ್ಯೂರಿಟಿಯವನು ತಡೆದಾಗ ಶರೀಫ ಎದೆಯುಬ್ಬಿಸಿ, ತಾನು ಇವರ ಗೈಡ್ ಎಂದು ಹಿಂದಿಯಲ್ಲಿ ಪರಿಚಯ ಹೇಳಿಕೊಂಡ. ವರ್ಸೋವಾದಿಂದ ಮಡ್ ದ್ವೀಪಕ್ಕೆ ದಾಟುವ ಲಾಂಚಿನಲ್ಲಿ ಗೈಡ್ ಕಣ್ಣು ಮುಚ್ಚಿ ದುವಾ ಹೇಳುತ್ತಿದ್ದ, ಗಿರಾಕಿ ಅವನ ಬೆನ್ನು ಸವರುತ್ತಿದ್ದರು. ದಾಟುವುದಕ್ಕೆ ಹಿಡಿದದ್ದು ಐದೇ ನಿಮಿಷ.

ಬಂಡೆಯ ಮೇಲೆ ಇವರು ಗಾಳ ಬೀಸಿದರು. ಮೊದಲ ಸಲ ಶರೀಫನ ಟೋಪಿ ಸಿಕ್ಕಿತು. ಎರಡನೇ ಸಲ ಇವರದೇ ತೋಳು. ಶರೀಫನಿಗೆ ಗೊತ್ತಿದ್ದ ಕೆಲಸ ಒಂದೇ. ಇವರ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಇವರ ಸೊಂಟದ ಬೆಲ್ಟು ಹಿಡಿದುಕೊಂಡಿದ್ದ. ದಡದಲ್ಲಿ ಕ್ರಿಕೆಟ್ ಆಡುತ್ತಿದ್ದವರು ಆಟ ನಿಲ್ಲಿಸಿ ನೋಡತೊಡಗಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಒಂದು ಗಂಟೆಯಾದ ಮೇಲೆ ಗಾಳದ ಕೋಲು ಬಗ್ಗಿತು. "ಸಿಕ್ಕಿತು! ಸೇವಂತಿ, ಸಿಕ್ಕಿತು!" ಎಂದು ಕೂಗುತ್ತಾ ಇವರು ಒಂದು ಹೆಜ್ಜೆ ಮುಂದೆ ಇಟ್ಟರು. ಅದೇ ಹೊತ್ತಿಗೆ ದೊಡ್ಡ ಅಲೆ ಬಂದು ಬಂಡೆಗೆ ಬಡಿಯಿತು. ಪಾಚಿಯ ಮೇಲೆ ಇವರ ಕಾಲು ಜಾರಿತು. ಶರೀಫ ಬೆಲ್ಟು ಜಗ್ಗಿ ಹಿಂದಕ್ಕೆ ಬಿದ್ದ, ಇವರು ಅವನ ಮೇಲೆ ಬಿದ್ದರು. ಗಾಳವನ್ನು ಮೀನು ತೆಗೆದುಕೊಂಡು ಹೋಯಿತು.

"ಕೈಗೆ ಬಂದದ್ದು ಹೋಯ್ತಲ್ಲ ಮಾರಾಯಾ! ನೀನೆಂತ ಗೈಡ್?" ಇವರು ಒದ್ದೆಯಾಗಿ ಗುಡುಗಿದರು.

"ಹೋದ್ರ ಹೋಗ್ಲಿ ಅಣ್ಣಾರ. ನಿಮ್ಮನ್ನ ಅಕ್ಕಾರ ಕೈಯಾಗ ತಿರುಗಿ ಕೊಡಬೇಕಲ್ರಿ."

ಇವರು ಎದ್ದು ಕೂತರು. ನಾನು ಓಡಿ ಹೋಗಿ ಪಕ್ಕದಲ್ಲಿ ಕೂತೆ. ಬೈಯಬೇಕೆಂದಿದ್ದೆ, ಅಳು ಬಂತು. ಇವರು ನನ್ನನ್ನು ನೋಡಲಿಲ್ಲ, ನೀರನ್ನೇ ನೋಡುತ್ತಿದ್ದರು.

"ಅಪ್ಪನ ಸಂಗಡ ಆರು ಜನ ಇದ್ರು ಸೇವಂತಿ" ಅಂದರು. "ಆರು ಜನ. ಎಲ್ಲರಿಗೂ ಮೀನು ಹಿಡಿಯಲಿಕ್ಕೆ ಬರ್ತಿತ್ತು."

ಶರೀಫ ಆಗಲೂ ಇವರ ಬೆಲ್ಟು ಬಿಟ್ಟಿರಲಿಲ್ಲ.