ಒಂಟಿಕೊಪ್ಪಲಿನ ಆರೂಕಾಲು ಗಂಟೆಯ ಮಳೆ

ಮಳೆ ಯಾರ ಗಡಿಯಾರಕ್ಕೂ ಕಟ್ಟುಬಿದ್ದದ್ದಲ್ಲ. ಮನುಷ್ಯನ ಅಹಂಕಾರಕ್ಕೆ ಪ್ರಕೃತಿ ಹಾಕಿರುವ ಮಿತಿ ಅದು. ಒಂಟಿಕೊಪ್ಪಲಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ಆರೂಕಾಲಿಗೆ ಸರಿಯಾಗಿ ಬರುತ್ತಿತ್ತು.

ಅದನ್ನು ಕಂಡವನು ನಾನೇ. ನಮ್ಮಣ್ಣನ ಮಗಳು ಮೈಸೂರಿನ ಮಳೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಊರಿನ ಕೆಲವು ತಾರಸಿಗಳಲ್ಲಿ ಮಳೆಮಾಪಕ ಇಡಿಸಿದ್ದಳು. ಮನೆಯವರನ್ನು ಒಪ್ಪಿಸುವ ಘನಕಾರ್ಯ ನಿವೃತ್ತನಾದ ನನ್ನ ಪಾಲಿನದು. ಪ್ರಬಂಧ ಒಪ್ಪಿಸಲು ಐದು ದಿನ ಉಳಿದಿದ್ದಾಗ, ಲ್ಯಾಬಿನಲ್ಲಿ ನನ್ನ ತಲೆಗೆ ವಿ.ಆರ್. ಹೆಡ್‌ಸೆಟ್ ಕಟ್ಟಿದಳು. ಕಾಲ ಕೆಳಗೆ ಮೈಸೂರು ಹರಡಿಕೊಂಡಿತು. ಮಳೆ ಬಿದ್ದಲ್ಲೆಲ್ಲ ನೀಲಿ ಕಂಬ ಏಳುತ್ತಿತ್ತು.

“ಚಿಕ್ಕಪ್ಪ, ಲಷ್ಕರ್ ಮೊಹಲ್ಲಾ ತುಳೀತಿದೀರ, ಈ ಕಡೆ ಬನ್ನಿ.”

“ಅಲ್ಲಿನ ಟ್ರಾಫಿಕ್ಕಿಗೆ ನಾನೇನ್ ಹೆಚ್ಚಲ್ಲ ಕಣಮ್ಮ. ದಿನದ ಲೆಕ್ಕ ಬೇಡ, ಗಂಟೆ ಗಂಟೆಗೂ ತೋರ್ಸು. ನಂಗೇನೂ ಅವಸರವಿಲ್ಲ.”

ತೋರಿಸಿದಳು. ಕಂಬಗಳು ಇಲವಾಲದ ಕಡೆಯಿಂದ ಒಂದರ ಹಿಂದೊಂದು ಎದ್ದು ಊರೊಳಗೆ ಬಂದವು. ಒಂಟಿಕೊಪ್ಪಲಿನ ಒಂದು ಗಿಡ್ಡ ಕಂಬ ಮಾತ್ರ, ಸುತ್ತಮುತ್ತ ಹನಿಯಿಲ್ಲದಿದ್ದರೂ, ದಿನಾ ಒಂದೇ ಹೊತ್ತಿಗೆ ಏಳುತ್ತಿತ್ತು. ಇವಳು ದಿನದ ಮೊತ್ತವನ್ನಷ್ಟೇ ನಂಬಿ, ಅಲ್ಲಿನ ಮರಗಳು ಮಳೆ ಕರೆಯುತ್ತವೆಂದು ಇಡೀ ಅಧ್ಯಾಯ ಬರೆದಿದ್ದಳು. ಹೆಡ್‌ಸೆಟ್ ಕಸಿದುಕೊಂಡು ತಾನೇ ನೋಡಿದಳು.

ಮನೆಗೆ ಬಂದೆ. ಕೂತೆ, ಎದ್ದೆ, ಕಿಟಕಿ ತೆರೆದೆ, ಮುಚ್ಚಿದೆ. ಕಾಫಿ ಎರಡು ಸಲ ಆರಿತು. ಮರುದಿನ ಬೆಳಿಗ್ಗೆ ಆರಕ್ಕೆ ಮುಂಚೆಯೇ, ಒಂದು ಮೋಡವೂ ಇಲ್ಲದ ಆಕಾಶದಡಿ ಛತ್ರಿ ಹಿಡಿದು, ಒಂಟಿಕೊಪ್ಪಲಿನ ಆ ಮಳೆಮಾಪಕವಿದ್ದ ಮನೆಯ ಗೇಟಿನ ಮುಂದೆ ಶತಪಥ ಹಾಕುತ್ತಿದ್ದೆ.

ಆಗತಾನೆ ಸ್ನಾನ ಮುಗಿಸಿದ್ದ ಮನೆಯಾಕೆ ತಾರಸಿಗೆ ಕರೆದೊಯ್ದರು. ಚೊಂಬಿನ ಅರ್ಧ ನೀರನ್ನು ತುಳಸಿಗೆ ಹಾಕಿ ಕೈಮುಗಿದರು. ಉಳಿದರ್ಧವನ್ನು ಮಳೆಮಾಪಕದ ಬಾಯಿಗೇ ಸುರಿದು ತೊಳೆದು, ಅದರ ಹೊಟ್ಟೆಗೆ ಅರಿಶಿನ ಕುಂಕುಮ ಇಟ್ಟರು. ಗಂಟೆ ನೋಡಿಕೊಂಡೆ. ಆರೂಕಾಲು.

“ಅಯ್ಯೋ, ಏನಮ್ಮ ಮಾಡ್ಬುಟ್ರಿ!”

“ನೀವೇ ಹೇಳಿದ್ರಲ್ರೀ, ದೂಳು ಕೂರದ ಹಾಗೆ ನೋಡ್ಕೊಳ್ಳಿ ಅಂತ. ಮಡಿನೀರೇ ಕಣ್ರೀ, ನಲ್ಲೀದಲ್ಲ.”

ಹೇಳಿದ್ದೆ. ಒಣಬಟ್ಟೆಯಲ್ಲಿ ಒರೆಸಿ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ. ಅಲ್ಲಿಂದಲೇ ಅಣ್ಣನ ಮಗಳಿಗೆ ಫೋನು ಮಾಡಿ ಕಂಡದ್ದನ್ನು ಹೇಳಿದೆ.

“ಎಷ್ಟು ದಿನದಿಂದಂತೆ, ಚಿಕ್ಕಪ್ಪ?”

“ಇಟ್ಟ ದಿನದಿಂದ.”

“ಒಂದ್ ದಿನಾನೂ ತಪ್ಪಿಲ್ವಂತಾ?”

“ತುಂಬಾ ನಿಷ್ಠೆಯವರು ಕಣಮ್ಮ.”

ಆ ಅಧ್ಯಾಯವನ್ನು ಅವಳು ತೆಗೆದುಹಾಕಿದಳು. ಪ್ರಬಂಧ ಆರು ತಿಂಗಳು ತಡವಾಗಿ ಸಲ್ಲಿಕೆಯಾಯಿತು.