ಚೀಟಿಯಿಲ್ಲದೆ ಬಂದ ಸೊಲಾಂಜ್

ಫ್ರಾನ್ಸಿನ ಲಿಮೋಜ್ ಊರಿನ ದರ್ಜಿ ಸೊಲಾಂಜ್ ತನ್ನ ಎಪ್ಪತ್ತು ವರ್ಷದ ಕಷ್ಟವನ್ನೆಲ್ಲ ಲಿವರಿನ ತಲೆಗೇ ಕಟ್ಟಿದವಳು. ಚಾಕೊಲೇಟ್ ತಿಂದು ತಲೆನೋವು ಬಂದರೂ ಲಿವರ್, ಗಂಡ ಮುನಿಸಿಕೊಂಡು ನಿದ್ದೆ ಕೆಟ್ಟರೂ ಲಿವರ್. ಹಳೆಯ ಡಾಕ್ಟರು ಪ್ರತಿ ಸಲವೂ ತಪ್ಪದೆ ಆರು ಔಷಧಿ ಬರೆದುಕೊಡುತ್ತಿದ್ದರು. ಅವರ ಜಾಗಕ್ಕೆ ಬಂದ ಹೊಸ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಲಿವರ್ ಗಟ್ಟಿಮುಟ್ಟಾಗಿದೆ ಮೇಡಂ, ಔಷಧಿ ಏನೂ ಬೇಡ" ಎಂದು ಕೈಕುಲುಕಿ ಕಳಿಸಿಬಿಟ್ಟಳು.

ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಸೊಲಾಂಜ್ ಅಭ್ಯಾಸಬಲದಿಂದ ಔಷಧಿ ಅಂಗಡಿಗೇ ಬಂದಳು. ಮೂವತ್ತು ವರ್ಷದಿಂದ ಅವಳನ್ನು ಬಲ್ಲ ಅಂಗಡಿಯ ಗಿಲೇನ್ ಆಗಲೇ ಚೀಲ ಬಿಡಿಸಿ ಹಿಡಿದಿದ್ದಳು.

"ಚೀಟಿ ಎಲ್ರೀ?"

"ಏನೂ ಬರೀಲೇ ಇಲ್ಲ ಕಣ್ರೀ."

ಗಿಲೇನ್ ಚೀಲ ಕೆಳಗಿಟ್ಟು ಅವಳ ಬೆನ್ನು ಸವರಿದಳು.

"ಅಯ್ಯೋ ದೇವರೇ! ಅಷ್ಟು ಕೈಮೀರಿ ಹೋಗಿದ್ಯಾ?"