ಎಂಜಲು ಜಲ್ಲಿ

2019ರಲ್ಲಿ ನಾನು ಪಾಂಡವಪುರದಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿದ್ದೆ. ನಾಗಮಂಗಲದ ಹೆಚ್ಚುವರಿ ಹೊಣೆಯೂ ನನ್ನ ಹೆಗಲಿಗಿತ್ತು. ನಿವೃತ್ತಿಗೆ ಎರಡು ವರ್ಷ ಬಾಕಿ. ಆ ವಯಸ್ಸಿನ ಸರ್ಕಾರಿ ಎಂಜಿನಿಯರ್ ಹೊಸ ಪ್ರಯೋಗಗಳಿಗೆ ಕೈಹಾಕುವುದಿಲ್ಲ. ಎದುರಿಗೆ ಬಂದ ಕಡತವನ್ನು ಗೌರವದಿಂದ ಪಕ್ಕದ ಮೇಜಿಗೆ ದಾಟಿಸುತ್ತಾನೆ. ನಾನು ಪ್ರಯೋಗಕ್ಕೆ ಇಳಿದದ್ದು ಧೈರ್ಯದಿಂದಲ್ಲ, ಜಲ್ಲಿ ಸಿಗದೆ.

ನಾಗಮಂಗಲ ಗಡಿಯ ಒಂದು ಹಳ್ಳಿಯಲ್ಲಿ ಮಹಿಳೆಯರೇ ನಡೆಸುವ ಹಾಲಿನ ಡೈರಿಯಿತ್ತು. ಅಧ್ಯಕ್ಷೆ ಜಯಮ್ಮ, ಎರಡು ಸೀಮೆಹಸುಗಳ ಒಡತಿ. ಸಂಜೆ ಕರೆದ ಹಾಲು ಲಾರಿ ಬರುವಷ್ಟರಲ್ಲಿ ಆಗಾಗ ಒಡೆದು ವಾಪಸಾಗುತ್ತಿತ್ತು. ಮೂರು ವರ್ಷ ಓಡಾಡಿ ಆಕೆ ಹಾಲು ತಣ್ಣಗಿಡುವ ಯಂತ್ರವೊಂದನ್ನು, ಅಂದರೆ ಬಲ್ಕ್ ಮಿಲ್ಕ್ ಕೂಲರನ್ನು, ಮಂಜೂರು ಮಾಡಿಸಿಕೊಂಡಿದ್ದರು. ಷರತ್ತು ಒಂದೇ: ಯಂತ್ರದಿಂದ ಹಾಲು ತುಂಬಿಕೊಳ್ಳುವ ಟ್ಯಾಂಕರ್ ಒಳಗೆ ಬಂದು ನಿಲ್ಲಲು ಕಾಂಕ್ರೀಟ್ ಅಂಗಳ ಮತ್ತು ಇಳಿಜಾರು ಅರವತ್ತು ದಿನದಲ್ಲಿ ಸಿದ್ಧವಾಗಬೇಕು, ಅದರ ಗಟ್ಟಿತನದ ಪರೀಕ್ಷಾ ವರದಿಯೂ ಕೈಯಲ್ಲಿರಬೇಕು. ತಪ್ಪಿದರೆ ಯಂತ್ರ ಪಕ್ಕದ ಊರಿಗೆ. ಆ ಅಂಗಳ ಮಾಡಿಸುವ ಕೆಲಸ ನನ್ನದು.

ಆ ವರ್ಷ ಸುತ್ತಮುತ್ತಲ ಕ್ರಷರ್‌ಗಳು ನಿಂತಿದ್ದವು. ಬೇಕಾದ ಜಲ್ಲಿಯಲ್ಲಿ ಮುಕ್ಕಾಲು ಪಾಲು ಮಾತ್ರ ದೊರೆಯಿತು. ಉಳಿದ ಕಾಲು ಭಾಗಕ್ಕೆ ನನ್ನ ಕಣ್ಣು ಬಿದ್ದದ್ದು ಕೆ.ಆರ್. ಪೇಟೆ ರಸ್ತೆಯಲ್ಲಿ ಕೆಡವಿ ರಾಶಿ ಹಾಕಿದ್ದ ಹಳೆಯ ನೀರಿನ ಟ್ಯಾಂಕಿನ ಮೇಲೆ. ಹಳೆಯ ಕಾಂಕ್ರೀಟನ್ನು ಒಡೆದು, ಕಬ್ಬಿಣ ತೆಗೆದು, ಜರಡಿ ಹಿಡಿದರೆ ಸಿಗುವುದೇ ರೀಸೈಕಲ್ಡ್ ಅಗ್ರಿಗೇಟ್. ಕಬ್ಬಿಣ ಹಾಕದ ಕಾಂಕ್ರೀಟಿನಲ್ಲಿ ಜಲ್ಲಿಯ ಶೇಕಡ ಇಪ್ಪತ್ತೈದರಷ್ಟು ಇದನ್ನು ಬೆರೆಸಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ನನಗೆ ಕಡಿಮೆ ಬಿದ್ದದ್ದೂ ಸರಿಯಾಗಿ ಕಾಲು ಭಾಗ. ಇಲಾಖೆಯ ಇತಿಹಾಸದಲ್ಲಿ ಕೊರತೆಯೂ ನಿಯಮವೂ ಹೀಗೆ ಕೈಕುಲುಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಲಸಕ್ಕೆ ಬಂದ ಮೇಸ್ತ್ರಿ ಶ್ರೀರಂಗಪಟ್ಟಣದ ಗಂಜಾಂನ ಖಾದರ್ ಸಾಬರು. ಅರವತ್ತರ ಹತ್ತಿರದ ಮನುಷ್ಯ, ಹೆಗಲ ಮೇಲೆ ಸದಾ ಒಂದು ಚೌಕಳಿ ಟವೆಲ್. ಮೊದಲ ಟ್ರ್ಯಾಕ್ಟರ್ ಹಳೆ ಜಲ್ಲಿ ಸುರಿಯುತ್ತಿದ್ದಂತೆ ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

"ಅಲ್ಲಾ ಸ್ವಾಮಿ, ಒಂದ್ ದಪ ತಿಂದು ಉಗ್ದಿರೋ ಎಂಜ್ಲು ಜಲ್ಲೀನ ನಮ್ಮ ಡೈರಿಗೆ ಆಕ್ತೀರಾ? ಆಲು ನಿಲ್ಲೋ ಜಾಗ ಇದು!"

ನಾನು ಮಾನಕದ ಸಂಖ್ಯೆ ಹೇಳಲು ಬಾಯಿ ತೆರೆದೆ. ಖಾದರ್ ಸಾಬರು ಮುಂದೆ ಬಂದರು.

"ಅರೆ ಅಕ್ಕಾ, ನಿಮ್ಮ ಹಸ ಬೆಳಿಗ್ಗೆ ತಿಂದಿದ್ದನ್ನೇ ಮಧ್ಯಾಹ್ನ ಬಾಯಿಗೆ ವಾಪಸ್ ತಂದು ಅಗೀತದಲ್ಲ, ಅದು ಎಂಜಲಲ್ವಾ? ಅದರ ಹಾಲು ಮಾತ್ರ ಡೈರಿಗೆ ಆಗ್ತದಾ?"

ನೆರೆದ ಹೆಂಗಸರು ನಕ್ಕುಬಿಟ್ಟರು. ಜಯಮ್ಮ ನಗಲಿಲ್ಲ. "ಆಯ್ತು ಬುಡಿ ಸಾಬ್ರೇ, ನಿಮ್ಮ ಜಲ್ಲಿ ಮೆಲುಕಾಕ್ಲಿ. ಬಿರುಕು ಬುಟ್ರೆ ಮಾತ್ರ ನಿಮ್ಮಿಬ್ರನ್ನೂ ಆ ಗೂಟಕ್ಕೇ ಕಟ್ತೀನಿ" ಎಂದರು. ಗೂಟ ಗಟ್ಟಿಯಾಗಿತ್ತು. ಅದು ಕರಿಕಲ್ಲಿನದು.

ನನಗೆ ಭಯವಿರಲಿಲ್ಲ. ಕಚೇರಿಯ ಹಿತ್ತಲಲ್ಲಿ ಮೊದಲೇ ಸಣ್ಣ ಪ್ರಮಾಣದಲ್ಲಿ ಕಲಸಿ ನೋಡಿದ್ದೆ, ಫಲಿತಾಂಶ ಚೆನ್ನಾಗಿತ್ತು. ಹತ್ತನೆಯ ದಿನ ಇಳಿಜಾರಿಗೆ ಕಾಂಕ್ರೀಟ್ ಹಾಕಿಸಿ, ಅದೇ ಮಾಲಿನಿಂದ ಹದಿನೈದು ಸೆಂಟಿಮೀಟರಿನ ಘನಗಳನ್ನು, ಅಂದರೆ ಕ್ಯೂಬ್‌ಗಳನ್ನು, ಎರಕ ಹೊಯ್ಯಿಸಿದೆ. ನಮ್ಮದು ಎಂ-20, ಎಂದರೆ ಇಪ್ಪತ್ತೆಂಟು ದಿನಕ್ಕೆ ಚದರ ಮಿಲಿಮೀಟರಿಗೆ ಇಪ್ಪತ್ತು ನ್ಯೂಟನ್ ಒತ್ತಡ ತಡೆಯಬೇಕಾದ ಕಾಂಕ್ರೀಟ್. ಏಳು ದಿನಕ್ಕೆ ಹದಿಮೂರಾದರೂ ಇರಬೇಕು. ಬಂದದ್ದು 8.6, 9.1, 8.8.

ವರದಿ ಹಿಡಿದು ಹೋದಾಗ ಖಾದರ್ ಸಾಬರು ಮುಚ್ಚಿಡಲಿಲ್ಲ. "ನೀರು ನಾನೇ ಜಾಸ್ತಿ ಹಾಕ್ಸಿದ್ದು ಸಾರ್. ಈ ಜಲ್ಲಿಗೆ ಬಾಯಾರಿಕೆ ಭಾಳ. ಮಿಷನ್‌ನಿಂದ ಬಾಂಡ್ಲಿಗೆ ಬರೋಷ್ಟರಲ್ಲಿ ಮಾಲು ಬಿಗಿದುಕೊಳ್ತದೆ. ಹುಡುಗರು ಸಲಿಕೆ ಆಡಲ್ಲ ಅಂದ್ರು. ಒಂದು ಕೊಡ, ಇನ್ನೊಂದು ಕೊಡ ಅಂತ..."

ಹಳೆಯ ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡಿರುತ್ತದೆ. ಅದು ನೀರು ಕುಡಿಯುತ್ತದೆ. ಹೊಸ ಜಲ್ಲಿ ನೂರು ಕಿಲೋಗೆ ಅರ್ಧ ಕಿಲೋ ನೀರು ಕುಡಿದರೆ ನಮ್ಮ ರಾಶಿ ಐದು ಕಿಲೋ ಕುಡಿಯುತ್ತಿತ್ತು. ಮೇಸ್ತ್ರಿ ಕಣ್ಣಂದಾಜಿನಲ್ಲಿ ಅದಕ್ಕಿಂತ ಹೆಚ್ಚು ಸುರಿಸಿದ್ದರು. ಹೆಚ್ಚಾದ ನೀರು ಕಾಂಕ್ರೀಟಿನ ಬಲ ತಿನ್ನುತ್ತದೆ. ಹಾಗಾದರೆ ಕಚೇರಿಯ ಹಿತ್ತಲಲ್ಲಿ ಗೆದ್ದದ್ದು ಹೇಗೆ? ಅದರ ಹಿಂದಿನ ಎರಡು ದಿನ ಜಡಿಮಳೆ. ಜಲ್ಲಿ ತಾನಾಗಿಯೇ ಕುಡಿದು ಕೂತಿತ್ತು. ಹಳ್ಳಿಯಲ್ಲಿ ಮಾತ್ರ ಹತ್ತು ದಿನದ ಬಿಸಿಲು. ನನ್ನ ಪ್ರಯೋಗಕ್ಕೆ ಸಹಾಯಕ ಸಂಶೋಧಕನಾಗಿದ್ದದ್ದು ಮಳೆರಾಯ, ಮತ್ತು ನಾನು ಅವನ ಹೆಸರನ್ನು ವರದಿಯಲ್ಲಿ ನಮೂದಿಸಿರಲಿಲ್ಲ.

ಇಳಿಜಾರು ಒಡೆಸಿದೆವು. ಜಯಮ್ಮ ಬಾಗಿಲ ಕಂಬಕ್ಕೊರಗಿ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ಮತ್ತೆ ಹಾಕಲು ಬೇರೊಂದು ಕೆಲಸದಿಂದ ಎರಡು ಟ್ರ್ಯಾಕ್ಟರ್ ಹೊಸ ಜಲ್ಲಿ ಬೇಡಿ ತಂದೆ. ಇನ್ನೊಮ್ಮೆ ಬೇಡಲು ಯಾರ ಬಳಿಯೂ ಜಲ್ಲಿಯಿರಲಿಲ್ಲ, ಇನ್ನೊಮ್ಮೆ ಒಡೆಯಲು ದಿನಗಳೂ ಇರಲಿಲ್ಲ.

ಸೈಟ್ ಪುಸ್ತಕದಲ್ಲಿ ನಾನು ಆದೇಶ ಬರೆದೆ: "ಹಳೆಯ ಜಲ್ಲಿಯನ್ನು ಒದ್ದೆ ಮಾಡಿ ಬಳಸತಕ್ಕದ್ದು." ಕೆಳಗೆ ಸಹಿ, ಮೊಹರು.

ಇಪ್ಪತ್ತೆರಡನೆಯ ದಿನ ನಾನು ಹೋಗುವಷ್ಟರಲ್ಲಿ ಖಾದರ್ ಸಾಬರು ಆದೇಶವನ್ನು ಅಕ್ಷರಶಃ ಪಾಲಿಸಿದ್ದರು. ಪೈಪು ಹಿಡಿದು ರಾಶಿಗೆ ಅಭಿಷೇಕ ಮಾಡಿ, ನೀರು ಸುರಿಯುತ್ತಿದ್ದ ಜಲ್ಲಿಯನ್ನು ಹಾಗೆಯೇ ಮಿಕ್ಸರಿಗೆ ತುಂಬಿಸಿದ್ದರು. ಸ್ಲಂಪ್ ಪರೀಕ್ಷೆ ಮಾಡಿದೆ. ತಳವಿಲ್ಲದ ಬಕೆಟ್ಟಿನಂಥ ಕೊಳವೆಗೆ ಕಾಂಕ್ರೀಟ್ ತುಂಬಿ, ಕೊಳವೆ ಎತ್ತಿ, ಅದು ಎಷ್ಟು ಕುಸಿಯಿತೆಂದು ಅಳೆಯುವುದೇ ಈ ಪರೀಕ್ಷೆ. ನಮಗೆ ಬೇಕಿದ್ದದ್ದು ಐವತ್ತು ಮಿಲಿಮೀಟರ್ ಕುಸಿತ. ನಮ್ಮ ಕಾಂಕ್ರೀಟ್ ನೂರಾ ಅರವತ್ತು ಕುಸಿದು ನನ್ನ ಪಾದಗಳ ಮುಂದೆ ದೀರ್ಘದಂಡ ನಮಸ್ಕಾರ ಹಾಕಿತು.

"ನೀವೇ ಬರೆದಿದ್ರಲ್ಲ ಸಾರ್, ಒದ್ದೆ ಮಾಡಿ ಅಂತ" ಎಂದರು ಖಾದರ್ ಸಾಬರು. ಬರೆದಿದ್ದೆ. ಮೊಹರೂ ಇತ್ತು.

ಆ ಮಿಶ್ರಣವನ್ನು ಚೆಲ್ಲಿಸಿ ನಾನು ತಲೆಯ ಮೇಲೆ ಕೈಹೊತ್ತು ನಿಂತಿರುವಾಗ ಜಯಮ್ಮ ಹತ್ತಿರ ಬಂದು ಕೇಳಿದರು, "ಏನಾಯ್ತು ಸ್ವಾಮಿ?"

"ಜಲ್ಲಿ ಒಳಗೆ ನೀರು ಇರಬೇಕಮ್ಮಾ, ಮೇಲೆ ಇರಬಾರದು. ಒಣಗಿದ್ದರೂ ಕಷ್ಟ, ತೊಟ್ಟಿಕ್ಕಿದರೂ ಕಷ್ಟ."

ಆಕೆ ನನ್ನನ್ನು ನೋಡಿದ ನೋಟವನ್ನು ನಾನು ಎಸ್‌ಎಸ್‌ಎಲ್‌ಸಿ ಗಣಿತದ ಮೇಷ್ಟ್ರ ನಂತರ ಯಾರಲ್ಲೂ ಕಂಡಿರಲಿಲ್ಲ.

"ಇಷ್ಟೇಯ? ಉಳ್ಳಿಕಾಳು ಮೊಳಕೆ ಕಟ್ಟೋದ್ ಕಂಡಿಲ್ವಾ ನೀವು? ಮೇಲೆ ನೀರು ಚಿಮುಕ್ಸಿದ್ರೆ ಕಾಳು ಒದ್ದೆಯಾಯ್ತದೆ, ನೆನೆಯಾಕಿಲ್ಲ. ನೆನೆಯಾಕಿ, ಒಟ್ಟೆ ತುಂಬ ಕುಡೀಲಿ ಅಂತ ಬುಟ್ಟು, ಆಮೇಲೆ ಬಸಿದು ಬಟ್ಟೆಗೆ ಕಟ್ಬೇಕು. ನೀರಿನ ಸಮೇತ ಕಟ್ಟಿದ್ರೆ ನಾತ, ಒಣಗ್ಲಾಗಿ ಕಟ್ಟಿದ್ರೆ ಮೊಳಕೆಯಿಲ್ಲ. ಇಂಜಿನೇರಿಕೆ ಓದ್ದೋರ್ಗೆ ಮನೇಲಿ ಯಾರೂ ಮೊಳಕೆ ಸಾರು ಮಾಡಾಕಿಲ್ವಾ?"

ಇದಕ್ಕೆ ನಮ್ಮ ಪುಸ್ತಕಗಳಲ್ಲಿ ಸ್ಯಾಚುರೇಟೆಡ್ ಸರ್ಫೇಸ್ ಡ್ರೈ ಎಂಬ ದೊಡ್ಡ ಹೆಸರಿದೆ: ಒಳಗೆ ತುಂಬಿರಬೇಕು, ಮೈ ಒಣಗಿರಬೇಕು. ಮೂವತ್ತಮೂರು ವರ್ಷ ಕಾಂಕ್ರೀಟಿನ ಜೊತೆ ಸಂಸಾರ ಮಾಡಿದವನು ನಾನು. ಆದರೂ ಅದನ್ನು ಕನ್ನಡದಲ್ಲಿ ಬರೆಯಹೊರಟಾಗ ಕೈಗೆ ಬಂದ ಮಾತು 'ಒದ್ದೆ'.

ಊರಿನ ದನಗಳ ನೀರಿನ ತೊಟ್ಟಿ ಖಾಲಿ ಮಾಡಿಸಿ ಜಲ್ಲಿಯನ್ನು ಒಂದು ಹಗಲು ಒಂದು ರಾತ್ರಿ ನೆನೆಹಾಕಿದೆವು. ಬಸಿದು, ಇಳಿಜಾರು ನೆಲದಲ್ಲಿ ಹರಡಿ, ಹಸಿ ಗೋಣಿತಾಟು ಹೊದಿಸಿದೆವು. ಹದ ನೋಡಿದವರು ಜಯಮ್ಮನೇ. ಖಾದರ್ ಸಾಬರ ಹೆಗಲಿನ ಟವೆಲ್ ಎಳೆದುಕೊಂಡು ಒಂದು ಹಿಡಿ ಜಲ್ಲಿ ಸುತ್ತಿ ಹಿಂಡಿದರು. ಬಟ್ಟೆಯಲ್ಲಿ ತೇವದ ಗುರುತು ಬಿತ್ತು, ಹನಿ ಬೀಳಲಿಲ್ಲ.

"ಈಗಾಕಿ."

"ಟವೆಲ್ ವಾಪಸ್ ಕೊಡಕ್ಕಾ" ಎಂದರು ಸಾಬರು.

"ಕೆಲ್ಸ ಮುಗೀಲಿ ಇರಿ. ನೀವು ಮತ್ತೆ ಕೊಡ ಎತ್ತುದ್ರೆ ಇದರಲ್ಲೇ ಬಾರಿಸ್ತೀನಿ."

ಅಂದಿನಿಂದ ಮೂರು ದಿನ ಪ್ರತಿ ಮಿಶ್ರಣಕ್ಕೆ ಮುಂಚೆ ಆ ಟವೆಲ್ ನಮ್ಮ ಅಧಿಕೃತ ಪ್ರಯೋಗಾಲಯವಾಗಿತ್ತು. ಸ್ಲಂಪ್ ನಲವತ್ತೈದು, ಐವತ್ತು, ಐವತ್ತು. ಇಪ್ಪತ್ತೇಳನೆಯ ದಿನ ಇಳಿಜಾರೂ ಅಂಗಳವೂ ಮುಗಿದವು. ಐವತ್ತೈದನೆಯ ದಿನ ಹೊಸ ಮಾಲಿನ ಕ್ಯೂಬ್‌ಗಳನ್ನು ಒತ್ತಿ ಒಡೆಸಿದೆ. ಅವು ತಡೆದದ್ದು: 26.8, 27.4, 25.9. ಫೋನಿನಲ್ಲಿ ಅಂಕಿ ಓದಿದೆ. ಆ ಕಡೆಯಿಂದ ಜಯಮ್ಮ, "ಅಂಗಾರೆ ಮಿಷನ್ನು ನಮ್ಗೇಯ?" ಎಂದರು. ಹೌದೆಂದೆ. ಫೋನ್ ಇಟ್ಟುಬಿಟ್ಟರು. ಬೀದಿಯಲ್ಲಿ ಯಾರನ್ನೋ ಕೂಗಿ ಹೇಳುವ ಅವಸರವಿತ್ತೆಂದು ನಂತರ ತಿಳಿಯಿತು. ಯಂತ್ರ ಬಂತು. ಮೊದಲ ಟ್ಯಾಂಕರ್ ಅಂಗಳದಲ್ಲಿ ತಿರುಗುವಾಗ ಆಕೆ ನೋಡುತ್ತಿದ್ದದ್ದು ಟ್ಯಾಂಕರನ್ನಲ್ಲ, ಚಕ್ರದ ಕೆಳಗಿನ ನೆಲವನ್ನು. ಬಿರುಕು ಬಿಡಲಿಲ್ಲ, ನಾವಿಬ್ಬರೂ ಗೂಟದಿಂದ ಪಾರಾದೆವು.

ಕೆಲಸದ ಅಂತಿಮ ವರದಿಯಲ್ಲಿ ನಾನು "ಹುರುಳಿಕಾಳು ಮೊಳಕೆ ಕಟ್ಟುವ ಹದಕ್ಕೆ ನೆನೆಸಿ ಬಸಿಯತಕ್ಕದ್ದು" ಎಂದು ಬರೆದೆ. ಮೇಲಧಿಕಾರಿಗಳು ಕೆಂಪು ಶಾಯಿಯಲ್ಲಿ ಹೊಡೆದು ಇಂಗ್ಲಿಷ್ ಹೆಸರು ಬರೆದರು. ಅವರ ತಪ್ಪಲ್ಲ, ಹುರುಳಿಗೆ ಮಾನಕದಲ್ಲಿ ಸಂಖ್ಯೆಯಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಖಾದರ್ ಸಾಬರ ಊರಾದ ಗಂಜಾಂನಲ್ಲಿ ಒಂದು ಚರಂಡಿ ಕೆಲಸದ ಪಕ್ಕ ಹಾದುಹೋಗುತ್ತಿದ್ದೆ. ಗೋಣಿತಾಟು ಹೊದ್ದ ಜಲ್ಲಿ ರಾಶಿಯ ಮುಂದೆ ಯಾರೋ ಅಪರಿಚಿತ ಮೇಸ್ತ್ರಿ ಮಿಕ್ಸರಿನವನನ್ನು ಗದರುತ್ತಿದ್ದ: "ಲೇ, ಉಳ್ಳಿ ಹದ ಬಂತೇನ್ಲಾ? ಬಟ್ಟೇಲಿ ಹಿಂಡಿ ನೋಡ್ದೇನ್ಲಾ?"

ನಾನು ನಿಂತು ಕೇಳಿಸಿಕೊಂಡೆ. ಕಾಲೇಜಿನಲ್ಲಿ ಓದಿದ್ದು ಮೂವತ್ತಮೂರು ವರ್ಷ ನನ್ನನ್ನು ಒದ್ದೆ ಮಾಡಿತ್ತು. ನಾನು ನೆನೆದದ್ದು ಆ ಡೈರಿಯ ಅಂಗಳದಲ್ಲಿ.